ಬೆರಳು ತೋರಿಸಿದರೆ ನಿಲ್ಲುವ ಮೇಷ್ಟ್ರು

ಟೈಲರಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ ಫೋನಿನಲ್ಲಿ ಪಾಠ ಕೇಳಿ ಡಿಗ್ರಿ ಓದುತ್ತಿದ್ದಳು. ಇಮ್ಮಡಿ ವೇಗದಲ್ಲಿ ಕೇಳಿ ಕೇಳಿ ಅವಳ ಕಿವಿ ಎಷ್ಟು ಚುರುಕಾಗಿತ್ತೆಂದರೆ, ಅತ್ತೆ ಬಾಯಿ ತೆರೆಯುವ ಮೊದಲೇ ಬೈಗುಳ ಕೇಳಿ ಮುಗಿದಿರುತ್ತಿತ್ತು. ಆದರೆ ಲೆಕ್ಕದ ‘ವಿಚಲನೆ’ ಪಾಠ ಮಾತ್ರ ಸಾವಿರ ಸಲ ಕೇಳಿದರೂ ತಲೆಗೆ ಹತ್ತಿರಲಿಲ್ಲ. ಮುಂದಿನ ವರ್ಷದ ಪಾಠ ತರಗತಿಯಲ್ಲೋ ಫೋನಿನಲ್ಲೋ ಎಂದು ಆ ದಿನವೇ ಕಾಲೇಜಿಗೆ ಬರೆದುಕೊಡಬೇಕಿತ್ತು.

“ಮೇಷ್ಟ್ರು ಮನೇಲೇ ಮಾತಾಡೋವಾಗ ಬಸ್ಸು ಹತ್ತೋದ್ಯಾಕಮ್ಮ?” ಎಂದರು ಅತ್ತೆ.

“ಒಂದ್ಸಲ ಕೂತು ನೋಡ್ತೀನತ್ತೆ.”

ತರಗತಿಯಲ್ಲಿ ಮೇಷ್ಟ್ರು ಎಷ್ಟು ನಿಧಾನವೆಂದರೆ, ಅವರ ಎರಡು ಮಾತಿನ ನಡುವೆ ಒಂದು ಅಂಗಿ ಹೊಲಿದು ಗುಂಡಿಯನ್ನೂ ಹಾಕಬಹುದಿತ್ತು. ಸೀಮೆಸುಣ್ಣದ ಪುಡಿ ಬಿಸಿಲಲ್ಲಿ ತೇಲಿತು. ಬೆಂಚುಗಳೂ ದೋಣಿಗಳಂತೆ ಮೆಲ್ಲಗೆ ತೇಲಿದವು. ಅಷ್ಟರಲ್ಲಿ ಅದೇ ವಿಚಲನೆ ಬಂತು. ಟೈಲರಕ್ಕ ಅರೆನಿದ್ದೆಯಲ್ಲೇ, ಫೋನಿನ ಪಾಠ ನಿಲ್ಲಿಸುವ ಅಭ್ಯಾಸಬಲದಿಂದ, ಗಾಳಿಯಲ್ಲಿ ಬೆರಳೊತ್ತಿದಳು.

ಮೇಷ್ಟ್ರು ನಿಂತೇಬಿಟ್ಟರು. “ಏನಮ್ಮ, ಅರ್ಥ ಆಗ್ಲಿಲ್ವಾ?”

“ಸ್ವಲ್ಪ ಹಿಂದಕ್ಕೆ ಹೋಗಿ ಸಾರ್.”

ತರಗತಿ ನಕ್ಕ ನಗೆಗೆ ಕಿಟಕಿ ಕಳಚಿ ಬೀಳದಿದ್ದುದೇ ಪುಣ್ಯ. ಮೇಷ್ಟ್ರು ನಗಲಿಲ್ಲ. ಅವಳ ಕೊರಳಲ್ಲಿ ಮರೆತು ಉಳಿದಿದ್ದ ಅಳತೆ ಟೇಪು ನೋಡಿದರು. “ನೀವು ಹೊಲಿಯೋ ಐದು ಜನರ ತೋಳಿನಳತೆ ಹೇಳಿ.”

ಹೇಳಿದಳು. ಬೋರ್ಡಿನ ಮೇಲೆ ಅವುಗಳ ಸರಾಸರಿ ಬರೆದು, “ಈ ಅಳತೇಲಿ ಐವರಿಗೂ ಹೊಲಿದ್ರೆ?” ಎಂದರು.

“ಒಬ್ಬರಿಗೆ ಗಿಡ್ಡ, ಇನ್ನೊಬ್ಬರಿಗೆ ಉದ್ದ ಆಗುತ್ತೆ.”

“ಎಷ್ಟೆಷ್ಟು ಹೆಚ್ಚುಕಮ್ಮಿ ಅನ್ನೋದೇ ವಿಚಲನೆ.”

ಮೂರು ಲೋಕವೂ ಒಮ್ಮೆಲೇ ಬೆಳಗಿದಂತಾಯಿತು.

“ನಾನಂತೂ ಫೋನೇ ಬರೀತೀನಕ್ಕ,” ಎಂದು ಪಕ್ಕದ ಹುಡುಗಿ ಗೊಣಗಿದಳು. “ಇವರು ಯಾರ್ದೋ ಮುಖ ನೋಡ್ಕೊಂಡು ಪಾಠ ನಿಲ್ಲಿಸ್ತಾರೆ.”

“ಅದಕ್ಕೇ ಕಣಮ್ಮ,” ಎನ್ನುತ್ತ ಟೈಲರಕ್ಕ ‘ತರಗತಿ’ ಎಂದು ಬರೆದಳು.