ಮಕ್ಲೂಬಾದ ಅಕ್ಕಿ

"ಮಕ್ಕಳನ್ನ ನಂಬಿ, ಒಂದು ಕೆಲಸ ಪೂರ್ತಿ ಅವರ ಕೈಗೆ ಬಿಡಿ," ಅಂದಿದ್ದಳು ಅಮ್ಮಾನ್ ನಗರದ ಸಾಕುತಾಯಂದಿರ ತರಬೇತಿಯ ಮೇಡಂ. ಹೇಳೋಕೇನು, ಹೋದರೆ ಅವಳ ಮನೆಯ ಬಂಗಾರ ಹೋಗುತ್ತಾ? ರುವೈದಾ ಗೊಣಗುತ್ತಲೇ ಶುಕ್ರವಾರದ ಊಟಕ್ಕೆ ಕೋಳಿ, ಬದನೆ ಹಾಕಿದ ಮಕ್ಲೂಬಾ ಅನ್ನ ಮಾಡಲು ಹದಿನೈದರ ಸಜಾಳನ್ನು ಅಡುಗೆಮನೆಗೆ ಬಿಟ್ಟಳು. ಹುಡುಗಿ ಸಾಕುಮಗಳಾಗಿ ಈ ಮನೆಗೆ ಬಂದು ವಾರವಾಗಿತ್ತು. ಅವಳ ಮೌನ, ತಗ್ಗಿಸಿದ ಕಣ್ಣು, ಯಾವುದೂ ರುವೈದಾಳಿಗೆ ಹಿಡಿಸಿರಲಿಲ್ಲ. ಬಾಗಿಲ ಸಂದಿಯಿಂದ ಇಣುಕುತ್ತ ನಿಂತಳು. ಬದನೆಕಾಯಿ ಕರಿದಾಯಿತು, ಕೋಳಿ ಬೆಂದಿತು. ಸಜಾ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ರುವೈದಾ ಬಾಗಿಲ ಸಂದಿಗೆ ಇನ್ನಷ್ಟು ಒತ್ತಿಕೊಂಡಳು.

"ಒಳಗೆ ಬನ್ನಿ, ಖಾಲಾ," ಹುಡುಗಿ ತಿರುಗದೆಯೇ ಕರೆದಳು. ಅವಳ ಅಂಗೈಯಲ್ಲಿ ರುವೈದಾಳ ಚಿನ್ನದ ಬಳೆಗಳಿದ್ದವು. "ಇವನ್ನ ಬೇರೆಲ್ಲಾದ್ರೂ ಬಚ್ಚಿಡಿ. ಹಿಂದಿನ ಮನೆಯವರೂ ನಾನು ಬಂದ ದಿನ ಬಂಗಾರಾನ ಅಕ್ಕಿ ಡಬ್ಬಕ್ಕೇ ಹಾಕಿದ್ರು."