ದಾಮೋದರನ್ ನರಿಯಾದದ್ದು

ತೋಲ್ಪೆಟ್ಟಿಯ ದಾಮೋದರನ್ ಅವರೊಂದಿಗೆ ಸಂಭಾಷಣೆಗೆ ಇಳಿಯುವವರು ಮೊದಲು ಕಲಿಯಬೇಕಾದ ವಿದ್ಯೆ ಮಾತನ್ನು ಮುಗಿಸುವುದು. ನಿಮ್ಮ ವಾಕ್ಯದ ಕೊನೆಗೆ ‘ಓವರ್’ ಎಂಬ ಶಬ್ದ ಬೀಳುವ ತನಕ ಅವರು ಬಾಯಿ ತೆರೆಯುವವರಲ್ಲ. ತಲೆಯನ್ನು ಎಡಕ್ಕೆ ವಾಲಿಸಿ, ಹುಬ್ಬೇರಿಸಿ, ನೀವು ಇನ್ನೂ ಏನೋ ಹೇಳಲಿದ್ದೀರಿ ಎಂಬ ಪರಮ ಸೌಜನ್ಯದಿಂದ ಕಾಯುತ್ತಲೇ ಇರುತ್ತಾರೆ. ಪೊನ್ಕುಳಿಯ ದೇವಸ್ಥಾನದಲ್ಲಿ ಒಮ್ಮೆ ಅರ್ಚಕರು ಇವರ ಜನ್ಮನಕ್ಷತ್ರ ಯಾವುದೆಂದು ಕೇಳಿ, ಉತ್ತರ ಬಾರದಿರಲು ಕಿವಿ ಮಂದವೆಂದು ಬಗೆದು, ಗರ್ಭಗುಡಿಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೂಗಿ, ಆಗಲೂ ಸುಮ್ಮನೆ ನಗುತ್ತ ನಿಂತ ಈ ಮಹಾನುಭಾವರಿಗೆ ಕೊನೆಗೆ ತಾವೇ ಒಂದು ನಕ್ಷತ್ರವನ್ನು ದಯಪಾಲಿಸಿ ಅರ್ಚನೆ ಮುಗಿಸಿದ್ದುಂಟು. ಈ ನಿಯಮಕ್ಕೆ ಜಗ್ಗದವರು ಒಬ್ಬರೇ, ಅವರ ಹೆಂಡತಿ ಸುನಿತ. ಗಂಡನ ವೈರ್‌ಲೆಸ್ ರೇಡಿಯೋ ಮನೆಗೆ ಬಂದಂದಿನಿಂದ ಆಕೆ ಒಂದು ದಿನವೂ ‘ಓವರ್’ ಎಂದವರಲ್ಲ. ಹೀಗಾಗಿ ಆ ಮನೆಯಲ್ಲಿ ದಾಮೋದರನ್ ಅವರ ಸರದಿ ಬರುವುದೇ ಇಲ್ಲ.

ಅವರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಎರಡು ಊರುಗೋಲುಗಳು ಒಟ್ಟಿಗೆ ನೆಲ ಮುಟ್ಟುವ ಸದ್ದು, ಆಮೇಲೆ ಎಡಗಾಲು, ಆಮೇಲೆ ತನಗೆ ಮನಸ್ಸಿದ್ದರೆ ಮಾತ್ರ ಹಿಂಬಾಲಿಸುವ ಬಲಗಾಲು. ಕೈಗಳೆರಡೂ ಕೋಲುಗಳಿಗೇ ಮೀಸಲಾದ ಮೇಲೆ ಲೋಕವ್ಯವಹಾರಕ್ಕೆಲ್ಲ ಉಳಿದದ್ದು ಕೋಟು. ಅರಣ್ಯ ಇಲಾಖೆಯಿಂದ ನಿವೃತ್ತನಾದ ಭಾವಮೈದುನನ ಹಳೆಯ ಖಾಕಿ ಕೋಟದು. ಅದಕ್ಕೆ ಸುನಿತ ಬೈಯುತ್ತ ಬೈಯುತ್ತಲೇ ಹೊಲಿದುಕೊಟ್ಟ ಜೇಬುಗಳನ್ನು ಲೆಕ್ಕ ಹಾಕಿದವರಿಲ್ಲ. ಎದೆಯ ಜೇಬಿನಲ್ಲಿ ವೈರ್‌ಲೆಸ್ ಸೆಟ್ಟು, ಸೊಂಟದ ಬಳಿ ಹೆಚ್ಚಿನ ಬ್ಯಾಟರಿ, ಬೆನ್ನ ಹಿಂದೆ ಸುತ್ತಿಟ್ಟ ಆಂಟೆನ್ನಾ ತಂತಿ, ಒಳಗಡೆ ಎಲ್ಲೋ ಎಲೆ ಅಡಿಕೆ. ಮೈಕನ್ನು ಕಾಲರಿಗೆ ಸಿಕ್ಕಿಸಿಕೊಂಡು ತಮ್ಮ ಎಡಭುಜದೊಡನೆ ವಾದ ಮಾಡುತ್ತ ರಸ್ತೆಯಲ್ಲಿ ನಡೆದು ಬರುವ ಇವರನ್ನು ಕಂಡು ಹೊಸಬರು ದಾರಿ ಬಿಟ್ಟು ನಿಲ್ಲುತ್ತಾರೆ.

ಕಾಲು ಹೀಗಾದದ್ದು ಮೆಣಸಿನ ಏಣಿಯಿಂದ. ಇಲ್ಲಿಯ ಮೆಣಸಿನ ಏಣಿ ಎಂದರೆ ಒಂಟಿ ಬಿದಿರು. ಅದರ ಗೆಣ್ಣುಗಳಲ್ಲಿ ಗೇಣುದ್ದ ಉಳಿಸಿಕೊಂಡ ಕೊಂಬೆಗಳೇ ಮೆಟ್ಟಿಲು. ಅದನ್ನು ಏರುವವನು ಅರ್ಧ ರೈತ, ಅರ್ಧ ಅಳಿಲು. ಅಜ್ಜನ ಕಾಲದಲ್ಲಿ ಕೋಟೆ ಸೀಮೆಯಿಂದ ಬಂದು ನೆಲೆಸಿದ ಮನೆತನದ ದಾಮೋದರನ್ ಯೌವನವನ್ನೆಲ್ಲ ಅಳಿಲಾಗಿ ಕಳೆದು, ಒಂದು ಮಾಗಿಯ ಬೆಳಿಗ್ಗೆ ಸಿಲ್ವರ್ ಓಕ್ ಮರದ ತುದಿಯಿಂದ ಬರೀ ರೈತನಾಗಿ ಕೆಳಗೆ ಬಿದ್ದರು. ಸೊಂಟ ಕೂಡಿತು, ಕಾಲು ಕೂಡಲಿಲ್ಲ. ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ನೋಡಲು ಬಂದವರೆಲ್ಲ ಹೊಸ್ತಿಲಲ್ಲೇ ‘ಪಾವಂ’ ಎನ್ನುತ್ತಿದ್ದರು. ನಮ್ಮ ‘ಅಯ್ಯೋ ಪಾಪ’ಕ್ಕೆ ಅದು ಮಲಯಾಳದ ಮಾತು. ಆಡುವವರ ನಾಲಿಗೆಗೆ ಬಲು ಮೆತ್ತಗಿನ ಆ ಪದ ಕಿವಿಗೆ ಬಿದ್ದರೆ ದಾಮೋದರನ್ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಟಿವಿ ರಿಪೇರಿಗೆಂದು ಮನೆಗೆ ಬಂದವನು ಮಾನಂತವಾಡಿಯ ಸಜೀವನ್. ಅವನು ಅಲ್ಲಿಯ ಹ್ಯಾಮ್ ರೇಡಿಯೋ ಕ್ಲಬ್ಬಿನ, ಎಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ಗಾಳಿಯಲ್ಲಿ ಹರಟುವವರ ಸಂಘದ, ಕಾರ್ಯದರ್ಶಿ. ಅವನ ಸೊಂಟದ ಸೆಟ್ಟಿನಲ್ಲಿ ಕಣ್ಣೂರಿನ ಯಾರೋ ಅಪರಿಚಿತರು ತಮ್ಮ ಮನೆಯ ಬೆಳಗಿನ ತಿಂಡಿ ಪುಟ್ಟು ಗಟ್ಟಿಯಾದ ದುಃಖವನ್ನು ಸವಿಸ್ತಾರವಾಗಿ ತೋಡಿಕೊಳ್ಳುತ್ತಿದ್ದರು. ದಾಮೋದರನ್ ಮಲಗಿದಲ್ಲಿಂದಲೇ ಬಹಳ ಹೊತ್ತು ಆಲಿಸಿ ಕೇಳಿದರು:

“ಇವ್ರಿಗೆ ನನ್ನ ಕಾಲು ಕಾಣ್ತದಾ?”

“ಇಲ್ಲ ದಾಮೋದರೇಟ್ಟಾ, ಸ್ವರ ಮಾತ್ರ.”

“ಹಂಗಾದ್ರೆ ನಂಗೂ ಒಂದು ಬೇಕು.”

ಪರವಾನಗಿಯ ಪರೀಕ್ಷೆಯಲ್ಲಿ ಮೊದಲ ಸಲ ಡುಮ್ಕಿ ಹೊಡೆದು ಎರಡನೆಯ ಸಲಕ್ಕೆ ಪಾಸಾದರು. ಕ್ಲಬ್ಬಿನ ಕೋಣೆ ಇದ್ದದ್ದು ರಜೀಶನ ಬೇಕರಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲುಗಳು ಗೋಡೆಗೆ ಆನಿಸಿಟ್ಟ ಏಣಿಯಷ್ಟು ಕಡಿದು. ಆದ್ದರಿಂದ ಸಭೆ ಮೇಲೆ, ದಾಮೋದರನ್ ಕೆಳಗೆ ಬೇಕರಿಯ ಬೆಂಚಿನ ಮೇಲೆ. ನಡುವೆ ಒಂದು ಕಾಂಕ್ರೀಟ್ ಚಾವಣಿ, ಅದನ್ನು ದಾಟಲು ರೇಡಿಯೋ. ಮೇಲೆ ಯಾರಾದರೂ ಭಾಷಣ ಎಳೆದರೆ ಕೆಳಗಿನಿಂದ ಆಕ್ಷೇಪಣೆ ಏರಿ ಬರುತ್ತಿತ್ತು. ಸಭೆಗೆಂದು ಕರಿದ ಪರಿಪ್ಪುವಡೆ ಮಹಡಿ ಹತ್ತುವ ಮೊದಲು ಈ ಬೆಂಚನ್ನು ದಾಟಬೇಕಾಗಿದ್ದರಿಂದ, ಮೇಲಿನವರಿಗೆ ತಲುಪುತ್ತಿದ್ದದ್ದು ಹೆಚ್ಚಾಗಿ ಅದರ ಪರಿಮಳ. ಸಭೆಯನ್ನೇ ಕೆಳಗಿಳಿಸೋಣವೆಂದು ಸಜೀವನ್ ಸೂಚಿಸಿದಾಗ ದಾಮೋದರನ್ ಖಂಡತುಂಡವಾಗಿ ನಿರಾಕರಿಸಿದರು. ಎದುರು ಬದುರು ಕೂತರೆ ಎಲ್ಲರೂ ಒಟ್ಟಿಗೆ ಅರಚುತ್ತೀರಿ, ರೇಡಿಯೋದಲ್ಲಾದರೆ ಒಬ್ಬೊಬ್ಬರಾಗಿ ಮಾತಾಡುತ್ತೀರಿ, ಕೇರಳದಲ್ಲಿ ಹೀಗೆ ನಡೆಯುವ ಸಭೆ ಇದೊಂದೇ, ಅದನ್ನು ಕೆಡಿಸಬೇಡಿ ಎಂಬುದು ಅವರ ವಾದ. ನಿಜ ಹೇಳಬೇಕೆಂದರೆ ವಡೆಯ ಆಯಕಟ್ಟಿನ ಜಾಗವನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ.

ಬಿಟ್ಟುಕೊಡಲಾಗದ ಸಂಕಟ ಇನ್ನೊಂದಿತ್ತು. ಕ್ಲಬ್ಬಿನ ವಾರ್ಷಿಕ ಉತ್ಸವವೆಂದರೆ ನರಿಬೇಟೆ. ಒಬ್ಬ ಸದಸ್ಯ ನರಿಯಾಗಿ ಸೆಟ್ಟಿನೊಡನೆ ಎಲ್ಲೋ ಅಡಗಿ ಕೂತು ಆಗಾಗ ಸ್ವಲ್ಪ ಹೊತ್ತು ದನಿ ಬಿಡುತ್ತಾನೆ. ಉಳಿದವರು ಮೀನಿನ ಮುಳ್ಳಿನಂಥ ಆಂಟೆನ್ನಾಗಳನ್ನು ಹಿಡಿದು, ದನಿ ಯಾವ ದಿಕ್ಕಿನಲ್ಲಿ ಜೋರೋ ಆ ದಿಕ್ಕಿಗೆ ಓಡಿ ಅವನನ್ನು ಮುಟ್ಟಬೇಕು. ಮುಟ್ಟಿದವರಿಗೆ ಕಪ್, ಊಟದ ಸೀಟಿ ಊದುವವರೆಗೂ ಯಾರೂ ಮುಟ್ಟದಿದ್ದರೆ ಕಪ್ ನರಿಗೆ. ಈ ಓಡಾಟದಲ್ಲಿ ದಾಮೋದರನ್ ಅವರಿಗೆ ವರ್ಷವೂ ಒಪ್ಪಿಸುತ್ತಿದ್ದ ಕೆಲಸ ಮನೆಯಲ್ಲೇ ಕೂತು ಹಾಜರಿ ಕರೆಯುವುದು. ಹೊರಗೆ ಎಲ್ಲರೂ ಏದುಸಿರು ಬಿಡುತ್ತ ಕೇಕೆ ಹಾಕುವುದನ್ನು ಅವರು ಅಡಿಗೆಮನೆಯ ಶೆಲ್ಫಿನ ಸೆಟ್ಟಿನಲ್ಲಿ ಕೇಳುತ್ತ ಕೂರುತ್ತಿದ್ದರು, ಹೊಟ್ಟೆಕಿಚ್ಚು ಪಡುತ್ತಿದ್ದರು. ಕಳೆದ ವರ್ಷದ ಹಿಂದಿನ ವರ್ಷ ಬೇಕರಿಯ ಬೆಂಚಿನಿಂದ ಒಂದು ಪ್ರಶ್ನೆ ಮಹಡಿಗೆ ಏರಿ ಬಂತು: “ನರಿ ಮಾಡ್ಬೇಕಾದ ಕೆಲ್ಸ ಏನು? ಒಂದ್ಕಡೆ ಕೂತಿರೋದು. ಈ ಕ್ಲಬ್ಬಲ್ಲಿ ನನಗಿಂತ ಚೆನ್ನಾಗಿ ಕೂತಿರೋರು ಯಾರಿದೀರಿ? ಓವರ್.”

ಅವರನ್ನೇ ನರಿ ಮಾಡುವ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಸಜೀವನ್ ಕಣ್ಣಲ್ಲಿ ನೀರೇ ಬಂತೆಂದು ರಜೀಶ ಈಗಲೂ ಹೇಳುತ್ತಾನೆ. ಮುಂದಿನ ಅನಾಹುತಕ್ಕೆಲ್ಲ ಮೂಲ ಆ ಕಣ್ಣೀರೇ.

ನರಿಪಟ್ಟ ಸಿಕ್ಕಿದ ಮೇಲೆ ದಾಮೋದರನ್ ನೆಲದ ಮೇಲೆ ನಿಲ್ಲಲಿಲ್ಲ, ಅಕ್ಷರಶಃ. ಗದ್ದೆಯ ಅಂಚಿನಲ್ಲಿ ಭಾರಿ ಮರವೊಂದಿದೆ. ಪೈರಿನ ಕಾಲಕ್ಕೆ ಗುಂಡ ಅದರ ಮೇಲಿನ ಅಟ್ಟಣೆಯಲ್ಲಿ ಕೂತು ಆನೆ ಕಾಯುತ್ತಾನೆ. ಗುಂಡ ಕಾಡಂಚಿನ ಹಾಡಿಯವನು, ಇವರ ಬಾಲ್ಯದ ಗೆಳೆಯ, ಹಿಂದೆ ಮೆಣಸಿನ ಮರಗಳಲ್ಲಿ ಇವರ ಪಕ್ಕದ ಅಳಿಲು. ಬಾವಿಯ ರಾಟೆಯನ್ನು ಬಿಚ್ಚಿ ತಂದು ಅಟ್ಟಣೆಯ ಮೇಲಿನ ಕೊಂಬೆಗೆ ಕಟ್ಟಿ, ಹಗ್ಗದ ತುದಿಗೆ ಪ್ಲಾಸ್ಟಿಕ್ ಕುರ್ಚಿ ಬಿಗಿದು, ತಾವು ಅದರಲ್ಲಿ ಕೂತು, ಗುಂಡ ಮತ್ತು ಅವನ ಭಾವ ಕರಿಯನ್ ಇಬ್ಬರೂ ಎಳೆಯುವುದು ಎಂಬುದು ಉಪಾಯ. ಸುನಿತ ಅವರಿಗೆ ಹೇಳಿದ್ದು ಮಾತ್ರ ಪಕ್ಕದವರ ಕಾಫಿ ಗೋದಾಮಿನಲ್ಲಿ ಅಡಗುತ್ತೇನೆ ಎಂದು.

“ಅಣ್ಣ, ಬಿದ್ರೆ ಅಕ್ಕ ನನ್ನ ಕೊಂದೇ ಹಾಕ್ತಾಳೆ,” ಎಂದ ಗುಂಡ.

“ಬಿದ್ರೆ ನಾನು ಮೊದ್ಲೇ ಸತ್ತಿರ್ತೀನಿ, ಬೈಗುಳ ನಿನ್ನೊಬ್ಬನಿಗೇ. ಎಳಿ.”

ಎಳೆದರು. ಕುರ್ಚಿ ತಿರುಗಿತು, ಊರುಗೋಲು ತೂಗಾಡಿತು, ದಾಮೋದರನ್ ಕಣ್ಣು ಮುಚ್ಚಿ ಇದ್ದಬದ್ದ ದೇವರನ್ನೆಲ್ಲ ನೆನೆದರು. ಕಣ್ಣು ತೆರೆದಾಗ ಕುಯಿಲು ಮುಗಿದ ಗದ್ದೆ, ಅದರಾಚೆ ಕಾಡು, ಅದರ ಮೇಲೆ ಬ್ರಹ್ಮಗಿರಿಯ ನೀಲಿ. ಏಣಿಯಿಂದ ಬಿದ್ದ ಮೇಲೆ ಅವರು ಯಾವುದನ್ನೂ ಮೇಲಿನಿಂದ ನೋಡಿರಲಿಲ್ಲ. ಅಳು ಬಂತು, ಬಂದದ್ದನ್ನು ಎಲೆ ಅಡಿಕೆಯೊಡನೆ ಜಗಿದು ನುಂಗಿದರು. ಎಳೆದ ಇಬ್ಬರೂ ಗಂಜಿಗೆ ಹೋದರು.

ಬೇಟೆ ಶುರುವಾಯಿತು. ಚಹಾದಂಗಡಿಯ ಮುಂದಿನಿಂದ ಹೊರಟ ಬೇಟೆಗಾರರು ಗಾಳಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಕೇಳುತ್ತಿತ್ತು: ಕುಟ್ಟದ ರಸ್ತೆಯಲ್ಲಿ ದನಿಯೇ ಇಲ್ಲ, ಹೊಳೆಯ ಕಡೆ ಸುಳಿವೇ ಇಲ್ಲ. ಆಹಾ, ನನ್ನ ಬುದ್ಧಿಯೇ ಎಂದು ದಾಮೋದರನ್ ಬೀಗಿದರು. ಟಿವಿಯ ಮೇಲಿನ ಕಪಾಟನ್ನು ಆಗಲೇ ಒರೆಸಿ ಖಾಲಿ ಮಾಡಿಟ್ಟಿದ್ದರು. ಕಪ್ಪನ್ನು ಬಲಕ್ಕಿಡುವುದೋ ನಡುವಿಗಿಡುವುದೋ ಎಂಬುದಷ್ಟೇ ಇತ್ಯರ್ಥವಾಗಬೇಕಿತ್ತು.

ಮರದಡಿಗೆ ಬಂದವಳು ಗ್ರೀಷ್ಮ ಒಬ್ಬಳೇ. ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ, ಹಿಂದಿನ ಎರಡು ಬೇಟೆಗಳನ್ನೂ ಗೆದ್ದ ಹುಡುಗಿ. ಇಲ್ಲಿಯವರೆಗೆ ನೇರವಾಗಿ ಕರೆತಂದ ದನಿ ಇಲ್ಲಿ ಬಂದೊಡನೆ ಸೊರಗಿತು. ಕೊಂಬೆಯಿಂದ ನೆಟ್ಟಗೆ ತೂಗುಬಿಟ್ಟ ಆಂಟೆನ್ನಾ ತಂತಿಯ ಸರಿ ಬುಡದಲ್ಲಿ ನಿಂತವರಿಗೆ ಹಾಗಾಗುವುದು ಸಹಜ. ಅವಳು ಬುಡವನ್ನು ಸುತ್ತಿದಳು, ಪೊದೆ ತಡಕಿದಳು, ಹುಲ್ಲಿನ ಬಣವೆಗೆ ಕೋಲಿನಿಂದ ತಿವಿದಳು. ಮೇಲೆ ನೋಡಲಿಲ್ಲ. ಉಸಿರು ಬಿಗಿಹಿಡಿದ ನರಿಗೆ ಪರಮಾನಂದ.

ಅಷ್ಟರಲ್ಲಿ ಸಜೀವನ್ ಜೀಪಿನಲ್ಲಿ ಬಂದು ಅವಳ ಪಕ್ಕ ನಿಂತು, ಮಗಳನ್ನು ಕರೆಯುವಂತೆ ಕರೆದ. “ಮೋಳೇ, ಹುಡುಕಿದ್ದು ಸಾಕು. ನಾವೆಲ್ಲ ಮೊದಲೇ ಮಾತಾಡಿಕೊಂಡಿದ್ದೇವೆ. ಪಾವಂ, ಈ ಸಲ ಅವರೇ ಗೆಲ್ಲಲಿ.”

“ಅವರನ್ನು ಕೇಳಿದ್ರಾ?” ಎಂದಳು ಗ್ರೀಷ್ಮ.

ದಾಮೋದರನ್ ಎದ್ದು ದೂರಕ್ಕೆ ಕಣ್ಣು ಹಾಯಿಸಿದರು. ಹೊಳೆಯ ಕಡೆ ಹುಡುಕುತ್ತಿದ್ದೇನೆಂದು ವರದಿ ಕೊಟ್ಟ ರಜೀಶ ಚಹಾದಂಗಡಿಯ ಬೆಂಚಿನಲ್ಲಿ ಬಾಳೆಹಣ್ಣಿನ ಪಳಂಪೊರಿ ತಿನ್ನುತ್ತಿದ್ದ. ಅವನ ಆಂಟೆನ್ನಾದ ಮೇಲೆ ಯಾರದೋ ಟವೆಲ್ಲು ಒಣಗುತ್ತಿತ್ತು. ಹಾಸಿಗೆ ಹಿಡಿದಿದ್ದಾಗ ಹೊಸ್ತಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟವರ ಮೇಲೂ ಅವರಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಊಟದ ಸೀಟಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಬಾಯಿ ಮುಚ್ಚಿ ಕೂತರೆ ಕಪ್ ಅವರದೇ, ಕಪಾಟಿನ ನಡುವಿನ ಜಾಗವೂ ಅದರದೇ. ಅವರು ಮೊದಲು ಒಂದು ಊರುಗೋಲನ್ನು ಕೆಳಕ್ಕೆ ಎಸೆದರು. ಅದು ಕಾರ್ಯದರ್ಶಿಯ ಮುಂದೆ ಕೆಸರಿನಲ್ಲಿ ನೆಟ್ಟಗೆ ನಾಟಿತು. ಆಮೇಲೆ ಮೈಕಿನ ಗುಂಡಿ ಒತ್ತಿದರು.

“ಎಲ್ಲಾ ಸ್ಟೇಷನ್‌ಗಳ ಗಮನಕ್ಕೆ. ನರಿ ಇರೋದು ಗುಂಡನ ಅಟ್ಟಣೇಲಿ, ಸೆಕ್ರೆಟರಿ ತಲೆಗೆ ಸರಿಯಾಗಿ. ರಜೀಶ, ನೀನು ತಿಂತಿರೋದೂ ಕಾಣ್ತದೆ. ಹುಡ್ಕೋ ಮನಸ್ಸಿಲ್ದೇ ಇದ್ರೆ ನನ್ನ ಯಾಕೆ ನರಿ ಮಾಡಿದ್ರಿ? ಗ್ರೀಷ್ಮ ಮೋಳೇ, ಹತ್ತಿ ಬಂದು ಮುಟ್ಟು. ಓವರ್.”

ಗ್ರೀಷ್ಮ ಅಟ್ಟಣೆಗೆ ಆನಿಸಿದ್ದ ಒಂಟಿ ಬಿದಿರನ್ನು ಒಂದೇ ಉಸಿರಿಗೆ ಹತ್ತಿ ಬಂದು ಅವರ ಭುಜ ಮುಟ್ಟಿದಳು. ಅವರು ಕೇಳಿದ ಮೊದಲ ಪ್ರಶ್ನೆ, ಆಂಟೆನ್ನಾವನ್ನು ನಾಲ್ಕು ದಿಕ್ಕಿಗೂ ತಿರುಗಿಸಿದವಳು ಒಮ್ಮೆಯಾದರೂ ಮೇಲಕ್ಕೆ ಯಾಕೆ ಎತ್ತಲಿಲ್ಲ ಎಂದು. ನೀವು ಮರ ಹತ್ತುತ್ತೀರೆಂದು ತೋಚಲಿಲ್ಲ ಎಂದು ಅವಳು ತಲೆ ತಗ್ಗಿಸಿದಳು. ಆ ತಪ್ಪನ್ನು ಅವರು ಅಲ್ಲೇ ಕ್ಷಮಿಸಿದರು. ಅದು ಬೇಟೆಗಾರ್ತಿಯ ತಪ್ಪು. ಕಣ್ಣೊರೆಸಿಕೊಳ್ಳುತ್ತ ಕೆಳಗೆ ನಿಂತಿದ್ದ ಸಜೀವನ್‌ಗೆ ಮಾತ್ರ ಊಟದವರೆಗೂ ಕ್ಷಮೆ ಸಿಗಲಿಲ್ಲ.

ಅಡಿಗೆಮನೆಯ ಸೆಟ್ಟು ಕೂಡ ಒಂದು ಸ್ಟೇಷನ್ನೇ ಎಂಬುದನ್ನು ದಾಮೋದರನ್ ಮರೆತಿದ್ದರು. ಕೈಯಲ್ಲಿದ್ದ ಸೌಟನ್ನು ಇಡಲೂ ಮರೆತು ಗದ್ದೆಯ ಬದುವಿನಲ್ಲಿ ಓಡಿ ಬಂದ ಸುನಿತ ಮರದಡಿ ನಿಂತು, ತಲೆಯೆತ್ತಿ ಗಂಡನನ್ನು ನೋಡಿದರು. ಅಷ್ಟರಲ್ಲಿ ಅಲ್ಲಿ ನೆರೆದಿದ್ದ ಕ್ಲಬ್ಬಿಗೆ ಕ್ಲಬ್ಬೇ ಎರಡು ಹೆಜ್ಜೆ ಹಿಂದೆ ಸರಿಯಿತು.

“ಇಳೀರಿ,” ಎಂದರು ಆಕೆ. “ಓವರ್.”

ಕಾದು ಕಾದು ಕೊನೆಗೂ ಬಂದ ಸರದಿ. ದಾಮೋದರನ್ ಅವರಿಗೆ ಹೇಳಲು ಏನೂ ಹೊಳೆಯಲಿಲ್ಲ.

ಇಳಿಸುವುದು ಏರಿಸಿದಷ್ಟು ಸುಲಭವಾಗಲಿಲ್ಲ. ಗುಂಡ ಗಂಜಿಯಿಂದ ಮರಳಿರಲಿಲ್ಲ. ಕ್ಲಬ್ಬಿನವರೇ ಸೇರಿ ಹಗ್ಗ ಹಿಡಿದರು, ಎಲ್ಲರೂ ಒಟ್ಟಿಗೆ ಅರಚುತ್ತ. ಅರ್ಧ ದಾರಿಯಲ್ಲಿ ರಾಟೆ ಕಚ್ಚಿಕೊಂಡಿತು. ಅದು ಬಿಡುವವರೆಗೆ, ನರಿ ತಾನೇ ಬಾಯಿಬಿಟ್ಟ ಮೇಲೆ ಕಪ್ ಗ್ರೀಷ್ಮಳಿಗೆ ಸಲ್ಲುವುದೋ ಇಲ್ಲವೋ ಎಂಬ ಚರ್ಚೆ ನಡೆಯಿತು. ಕುರ್ಚಿಯಲ್ಲಿ ತೂಗಾಡುತ್ತಲೇ ದಾಮೋದರನ್ ಅಧ್ಯಕ್ಷತೆ ವಹಿಸಿ, ಸಲ್ಲುತ್ತದೆ ಎಂದು ತೀರ್ಪು ಕೊಟ್ಟರು. ಸಭೆ ಕೆಳಗೆ ಅವರು ಮೇಲೆ ಇದ್ದದ್ದು ಕ್ಲಬ್ಬಿನ ಇತಿಹಾಸದಲ್ಲಿ ಅದೊಂದೇ ಸಲ.

ಕಳೆದ ವರ್ಷದ ಬೇಟೆ ಪಯ್ಯಂಪಳ್ಳಿಯಲ್ಲಿ. ನರಿ ಮತ್ತೆ ದಾಮೋದರನ್ ಅವರೇ. ಚರ್ಚ್ ಮೈದಾನದ ಪಕ್ಕದ ಒಂದು ಕೊಟ್ಟಿಗೆಯಲ್ಲಿ, ಹಸುವಿನ ಹಿಂದೆ, ಹುಲ್ಲು ಹೊದ್ದು ಕೂತಿದ್ದರು. ಈ ಸಲ ಯಾರೂ ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಕ್ಲಬ್ಬು ನಿಜವಾದ ನಾಯಿಗಳ ಹಿಂಡಿನಂತೆ ಬೆನ್ನಟ್ಟಿ ಬಂತು. ಬಾಯಲ್ಲಿ ಹಾಕಿಕೊಂಡ ಎಲೆ ಅಡಿಕೆ ಕೆಂಪಾಗುವ ಮೊದಲೇ ಸಜೀವನ್ ಹುಲ್ಲು ಸರಿಸಿ ಅವರ ಕೋಟಿನ ಕಾಲರು ಹಿಡಿದಿದ್ದ. ಅಂದು ದಾಮೋದರನ್ ಮಾಡಿದ ರಂಪ ಅಷ್ಟಿಷ್ಟಲ್ಲ. ಹಸು ಬಾಲ ಎತ್ತಿ ಸುಳಿವು ಕೊಟ್ಟಿತೆಂದರು, ಸಜೀವನ್ ಸಮಯಕ್ಕೆ ಮೊದಲೇ ಹೊರಟನೆಂದರು, ಬೇಟೆ ಮತ್ತೆ ನಡೆಯಬೇಕೆಂದರು, ರಾಜೀನಾಮೆ ಕೊಡುತ್ತೇನೆಂದರು. ತಿಂಗಳುಗಟ್ಟಲೆ ಮನೆಯಲ್ಲಿ ಅದೇ ಮಾತು. ಇವರು ಇಷ್ಟು ಖುಷಿಯಾಗಿದ್ದದ್ದನ್ನು ಏಣಿಯಿಂದ ಬಿದ್ದ ಮೇಲೆ ತಾನು ನೋಡಿಯೇ ಇರಲಿಲ್ಲ ಎನ್ನುತ್ತಾರೆ ಸುನಿತ.

ಇಂಥವರು ಅಲ್ಲಲ್ಲಿ ನಮ್ಮ ನಡುವೆ ಇದ್ದೇ ಇರುತ್ತಾರೆ. ಅವರಿಗೆ ಬಾಗಿಲು ತೆರೆಯಲು, ಕುರ್ಚಿ ಎಳೆದುಕೊಡಲು ನಾವು ಧಾವಿಸುತ್ತೇವೆ. ಅದನ್ನು ಅವರು ಬೇಡವೆನ್ನುವುದೂ ಇಲ್ಲ, ಕುರ್ಚಿ ಬೇಕಾದದ್ದೇ. ಆದರೆ ಒಮ್ಮೆ ಆಟಕ್ಕೆ ಕೂಡಿದ ಮೇಲೆ ಅವರನ್ನು ಸೋಲಿಸುವ ಮನಸ್ಸಿನಿಂದಲೇ ಆಡಬೇಕು. ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಅವರು ನಮ್ಮಿಂದ ಬಯಸುವುದಿಲ್ಲ. ಕಡಿಮೆಯದನ್ನು ಕೊಟ್ಟರೆ ತೆಗೆದುಕೊಳ್ಳುವುದೂ ಇಲ್ಲ.