ನೆರಿಗೆ ಬೀಳದ ಬೆರಳು

ಆಸ್ಪತ್ರೆಗಳ ಹೊದಿಕೆ ಒಗೆಯುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಬೇಕಾಗಿತ್ತು. ಉಳಿದವರಿಗೆಲ್ಲ ಅವಳು ಯಾಕಮ್ಮ. ಆಕಳಿಕೆ ಒಬ್ಬರಿಂದ ಒಬ್ಬರಿಗೆ ಯಾಕೆ ಅಂಟುತ್ತೆ? ಚಂದ್ರ ನಮ್ಮ ಜೊತೆಜೊತೆಗೇ ಯಾಕೆ ಬರ್ತಾನೆ? ಕೇಳಿ ಕೇಳಿ ಎಲ್ಲರ ತಲೆ ತಿನ್ನುತ್ತಿದ್ದಳು. ಉತ್ತರ ಸಿಗುತ್ತಿದ್ದದ್ದು ಭಾನುವಾರ, ಊಟದ ಕೋಣೆಯಲ್ಲಿ ಸೇರುವ ಓದುಕೂಟದಲ್ಲಿ. ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರು ಬಂದು, ಬಿಸ್ಕತ್ತಿನ ಡಬ್ಬದೊಳಗಿನ ಚೀಟಿಗಳನ್ನು ಒಂದೊಂದಾಗಿ ಎತ್ತಿ, ಹೆಂಗಸರು ಬಿದ್ದುಬಿದ್ದು ನಗುವಂತೆ ಉತ್ತರ ಹೇಳುತ್ತಿದ್ದರು.

ಮೂರು ತಿಂಗಳ ಹಿಂದೆ ಯಂತ್ರದ ತಗಡೊಂದು ಅವಳ ಬಲಗೈಯ ಕಿರುಬೆರಳಿನ ಬುಡ ಕುಯ್ದಿತು. ಗಾಯ ಮಾಯಿತು. ಮುಟ್ಟಿದರೆ ಮಾತ್ರ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಹೊದಿಕೆಗೆ ಇಸ್ತ್ರಿ ಹಾಕುವ ರೋಲರಿನಿಂದ ಅವಳನ್ನು ತೆಗೆದು, ಒಗೆಯುವ ವಿಭಾಗದಲ್ಲಿ ಒದ್ದೆ ಹೊದಿಕೆ ಎತ್ತಿಹಾಕುವ ಕೆಲಸ ಕೊಟ್ಟರು. ಅಲ್ಲೇ ಅವಳ ಕಣ್ಣಿಗೆ ಬಿದ್ದದ್ದು: ನೀರಲ್ಲಿ ನೆನೆದು ನಾಲ್ಕು ಬೆರಳಿನ ತುದಿ ಮುದುಕಿಯ ಕೆನ್ನೆಯಂತಾದರೆ, ಕಿರುಬೆರಳು ಮಾತ್ರ ಮದುವಣಗಿತ್ತಿಯಂತೆ ನುಣ್ಣಗೆ! ಚೀಟಿ ಬರೆದು ಡಬ್ಬಕ್ಕೆ ಹಾಕಿದಳು.

ಚೀಟಿ ಓದಿ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಬಿಸಿನೀರು ತರಿಸಿ, ಎಲ್ಲರೆದುರು ಅವಳ ಕೈ ಮುಳುಗಿಸಿದರು.

“ನೋಡ್ರಮ್ಮ, ಗ್ಲೂಕೋಸ್ ಹಾಕೋಕೆ ನರ ಸಿಗ್ತಿಲ್ಲ ಅಂತೀರಲ್ಲ, ಅದು ನರ ಅಲ್ಲ, ರಕ್ತನಾಳ. ರಕ್ತ ಹರಿಯೋ ಕೊಳವೆ. ನರ ಅಂದ್ರೆ ಸುದ್ದಿ ಒಯ್ಯೋ ತಂತಿ. ಕೈ ನೀರಲ್ಲಿದ್ರೆ ನರ ಹೋಗಿ ರಕ್ತನಾಳಕ್ಕೆ ‘ಮುದುಡ್ಕೋ’ ಅನ್ನುತ್ತೆ. ಒಳಗೆ ಮುದುಡ್ತು ಅಂದ್ರೆ ಮೇಲಿನ ಚರ್ಮ ನೆರಿಗೆ ಬೀಳುತ್ತೆ. ಈ ಬೆರಳಲ್ಲಿ ತಂತಿ ಕಡಿದುಹೋಗಿದೆ, ಹೇಳೋರೇ ಇಲ್ಲ!”

“ನಮ್ಮನೆಯವ್ರಿಗೂ ಅದೇ ತಂತಿ ಕಡಿದಿರಬೇಕು ಮೇಷ್ಟ್ರೇ, ಎಷ್ಟು ಹೇಳಿದ್ರೂ ಸುದ್ದಿ ಮುಟ್ಟಲ್ಲ,” ಎಂದಳು ಗುಂಡಕ್ಕ. ಇಸ್ತ್ರಿ ರೋಲರಿನಲ್ಲಿ ಯಾಕಮ್ಮನ ಎದುರು ಬದಿಗೆ ನಿಲ್ಲುತ್ತಿದ್ದವಳು ಅವಳೇ. ಕೋಣೆಯೆಲ್ಲ ನಗು. ಯಾಕಮ್ಮ ಮಾತ್ರ ಆ ವಿವರಣೆಯನ್ನು ಅಕ್ಷರ ಬಿಡದೆ ಬರೆದಿಟ್ಟುಕೊಂಡಳು.

ಬರೆದಿಟ್ಟದ್ದು ಬೇಗನೆ ಬೇಕಾಯಿತು. ಗಾಯ ಮಾಯಿತಲ್ಲ, ಇನ್ನು ರೋಲರಿಗೆ ಬಾ ಎಂದ ಸೂಪರ್‌ವೈಸರ್. ರೋಲರ್ ಎಂದರೆ ಕೆಂಡದಂತೆ ಕಾದ ಉಕ್ಕು. ಮುಟ್ಟಿದ್ದು ತಿಳಿಯದ ಬೆರಳು ಅದಕ್ಕೆ ತಾಗಿದರೆ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೇ ಗೊತ್ತಾಗಬೇಕು. ಒಲ್ಲೆ ಎಂದಳು. ‘ನಾಟಕ’ ಎಂದು ವಿಚಾರಣೆ ಇಟ್ಟರು. ಸೋತರೆ ರೋಲರಿಗೆ ಹೋಗಬೇಕು, ಆಗಲೂ ಒಲ್ಲೆ ಎಂದರೆ ಕೆಲಸ ಹೋಗಿ ಮನೆ.

“ನಾನಿದ್ದೀನಲ್ಲಮ್ಮ, ಬಂದು ಹೇಳ್ತೀನಿ,” ಎಂದಿದ್ದರು ಮೇಷ್ಟ್ರು.

ಶನಿವಾರ ಮ್ಯಾನೇಜರ್ ಕೋಣೆಗೆ ಅವಳು ಹೋದಾಗ ಮೇಷ್ಟ್ರು ಆಗಲೇ ಬಂದು ಕೂತಿದ್ದರು. ಮೇಜಿನ ಮೇಲೆ ಬಣ್ಣದ ಹಾಳೆಯೊಂದಿತ್ತು: ಓದುಕೂಟದ ಪ್ರಶ್ನೋತ್ತರಗಳ ಪುಸ್ತಕಕ್ಕೆ ಮುಖಪುಟ. ಮೇಲೆ ದಪ್ಪಕ್ಷರದಲ್ಲಿ ಮೇಷ್ಟ್ರ ಹೆಸರು, ಕೆಳಗೆ ‘ಪ್ರಕಾಶನ’ ಎಂದು ಕಾರ್ಖಾನೆಯ ಹೆಸರು. ನಿಜಕ್ಕೂ ಅವಳಿಗೆ ಖುಷಿಯೇ ಆಯಿತು. ಪೆದ್ದಿ.

“ನರ ಕಡಿದಿದೆ ಅಂತಾಳೆ ಈಕೆ. ಹೌದಾ ಮೇಷ್ಟ್ರೇ?” ಎಂದು ಮ್ಯಾನೇಜರ್ ಕೇಳಿದ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಏನಾಗುತ್ತೆ ಅಂದ್ರೆ ಸಾರ್, ನಮ್ಮ ಜನ ರಕ್ತನಾಳಕ್ಕೂ ನರ ಅಂತಾರೆ, ನರಕ್ಕೂ ನರ ಅಂತಾರೆ. ಈಕೆ ನರ ಅಂದ್ರೆ ಯಾವುದು ಅಂತ ಹೇಳೋದು ಕಷ್ಟ.”

ಅವಳು ಬಲಗೈಯನ್ನು ಮೇಜಿನ ಮೇಲಿಟ್ಟಳು. “ಮೇಷ್ಟ್ರೇ! ಅದ್ಯಾವ್ದು ಇದ್ಯಾವ್ದು ಅಂತ ಬಿಡಿಸಿ ಹೇಳ್ಕೊಟ್ಟೋರು ನೀವೇ ಅಲ್ವಾ? ಸಾರ್, ಬಿಸಿನೀರು ತರಿಸಿ. ಸ್ವಲ್ಪ ಹೊತ್ತು ಸಾಕು, ನೀವೇ ನೋಡ್ತೀರಂತೆ.”

ಮ್ಯಾನೇಜರ್ ಮೇಷ್ಟ್ರ ಮುಖ ನೋಡಿದ. “ಬೇಕಾ?”

“ಅದೆಲ್ಲಾ ಕೂಟದಲ್ಲಿ ತಮಾಷೆಗೆ ಸರಿ ಸಾರ್.”

ಅಷ್ಟೇ. ಸೂಪರ್‌ವೈಸರ್ ಹಾಳೆಯೊಂದನ್ನು ಅವಳತ್ತ ತಳ್ಳಿದ: ‘ಬೆರಳು ಸರಿಯಿದೆ. ಸೋಮವಾರದಿಂದ ರೋಲರ್.’ ಅವಳು ಸಹಿ ಹಾಕದೆ ಎದ್ದು ಬಂದಳು.

ಮೇಷ್ಟ್ರು ಹಿಂದೆಯೇ ಓಡಿಬಂದರು. “ನಾನು ಸುಳ್ಳೇನೂ ಹೇಳ್ಲಿಲ್ವಲ್ಲಮ್ಮ.”

“ಸುಳ್ಳು ಹೇಳಿದ್ರೆ ಜಗಳ ಆಡಬಹುದಿತ್ತು,” ಎಂದಳು. “ನಿಜಾನೇ ಅವರಿಗೆ ಚಾಕು ಮಾಡಿ ಕೊಟ್ರಲ್ಲ. ನಾವು ದಡ್ಡರು ಅಂತ ಹೇಳೋಕೆ, ನಮಗೆ ಬುದ್ಧಿ ಕಲಿಸಿದ ಬಾಯೇ ಬೇಕಾಯ್ತಾ ಅವರಿಗೆ?”

ಭಾನುವಾರ ಮೇಷ್ಟ್ರು ಬರಲಿಲ್ಲ. ಹೆಂಗಸರು ಬಂದಿದ್ದರು. ಸುಮ್ಮನೆ ಕೂರಲಾಗದೆ ಒಬ್ಬಳು ಡಬ್ಬ ಬಿಚ್ಚಿ ಚೀಟಿ ಓದಿದಳು: “ಚಂದ್ರನ ಮೇಲೆ ಚಪ್ಪಾಳೆ ತಟ್ಟಿದ್ರೆ ಕೇಳ್ಸುತ್ತಾ?”

“ಇಲ್ಲ,” ಎಂದಳು ಯಾಕಮ್ಮ. “ಶಬ್ದವನ್ನ ಹೊತ್ಕೊಂಡು ಬರೋಕೆ ಗಾಳಿ ಬೇಕು. ಅಲ್ಲಿ ಗಾಳಿ ಇಲ್ಲ ನೋಡ್ರಮ್ಮ…” ಅಲ್ಲಿಗೆ ನಿಲ್ಲಿಸಿದಳು. ಆ ‘ನೋಡ್ರಮ್ಮ’ ಅವಳದಾಗಿರಲಿಲ್ಲ. ಮಾತು, ನಿಲುಗಡೆ, ಕೈ ಎತ್ತುವ ರೀತಿ ಎಲ್ಲವೂ ಅವರದೇ. ಉಗಿದುಬಿಡೋಣ ಎನ್ನಿಸಿತು.

“ಇದಾದ್ರೂ ನಿಜಾನಾ?” ಎಂದು ಗುಂಡಕ್ಕ ಕೇಳಿದಳು. “ಇಷ್ಟು ವರ್ಷ ಅವರು ಹೇಳಿದ್ದೆಲ್ಲ ಇನ್ನು ನಂಬ್ಲಾ, ಬಿಡ್ಲಾ?”

ಬಿಟ್ಟುಬಿಡಿ ಎಂದರೆ ಸೇಡು ತೀರುತ್ತಿತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

“ನಿಜ ಕಣೇ ಅಕ್ಕ. ಎಲ್ಲಾ ನಿಜ. ಅದೇ ಹೊಟ್ಟೆ ಉರಿಯೋದು. ಗೊತ್ತಿಲ್ದೆ ಬಾಯಿ ಮುಚ್ಕೊಂಡಿದ್ರೆ ಪಾಪ ಅನ್ನಬಹುದಿತ್ತು.”

“ನಾಳೆ ಏನ್ಮಾಡ್ತೀಯ?”

“ರೋಲರ್ ಹತ್ರ ಹೋಗಲ್ಲ. ಮನೆಗೆ ಕಳ್ಸಿದ್ರೆ ಕಳ್ಸ್ಲಿ.”

“ಆ ಕಡೆ ನೀನಿಲ್ದೆ ಈ ಕಡೆ ನಾನೊಬ್ಳೇ ಹೊದಿಕೆ ಹಿಡ್ಕೊಂಡು ಕುಣೀಲಾ? ನಾನೂ ನಿಲ್ಲಲ್ಲ ಹೋಗೇ.”

ಸೋಮವಾರ ರೋಲರ್ ಕಾದೇ ಕಾಯಿತು. ಎರಡೂ ಬದಿ ಖಾಲಿ. ಹೊದಿಕೆಗಳು ರಾಶಿ ಬಿದ್ದವು. ಹತ್ತು ಗಂಟೆಗೆ ಸೂಪರ್‌ವೈಸರ್ ಮೇಷ್ಟ್ರನ್ನೇ ಕರೆಸಿದ, ನಿಮ್ಮ ಮಾತಾದರೆ ಕೇಳ್ತಾರೆ ಎಂದು. ಅವರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

ಯಾಕಮ್ಮ ಒದ್ದೆ ಹೊದಿಕೆಯ ಗಾಡಿ ತಳ್ಳುತ್ತ ಅವರೆದುರೇ ಬಂದಳು.

“ಸ್ವಲ್ಪ ದಾರಿ ಬಿಡಿ ಸಾರ್,” ಎಂದಳು.

ಮೇಷ್ಟ್ರೇ ಅಲ್ಲ, ಮ್ಯಾನೇಜರನಿಗೆ ಹೇಳುವ ಅದೇ ಸಾರ್. ಮೇಷ್ಟ್ರು ಗೋಡೆಗೆ ಒತ್ತಿ ನಿಂತರು. ಗಾಡಿ ಅವರ ಹೊಟ್ಟೆ ಸವರಿಕೊಂಡು ಮುಂದೆ ಹೋಯಿತು.